ಒಲೆಯಿಲ್ಲದ ಬೀದಿಯಲ್ಲಿ 'ಮನೆ ಊಟ'



ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರದಿಂದ ಪೂರ್ವಕ್ಕೆ, ಎದುರು ಬಸವಣ್ಣನವರೆಗೆ ನೇರವಾಗಿ ಚಾಚಿಕೊಂಡಿರುವ ಬೀದಿಯೇ ಹಂಪಿ ಬಜಾರ್. ಇಕ್ಕೆಲಗಳಲ್ಲೂ ಕಲ್ಲಿನ ಮಂಟಪಗಳ ಸಾಲು. ಜಾತ್ರೆಯ ದಿನ ತೇರು ಸಾಗುವುದೂ ಇದೇ ಬೀದಿಯಲ್ಲಿ. ಹಂಪಿಗೆ ಬಂದವರು ಹಸಿವಾದಾಗ ಅಕ್ಕಪಕ್ಕದ ಓಣಿಗಳಿಗೆ ಹೊರಳುತ್ತಾರೆ. ಅಲ್ಲಿನ ಊಟದ ಪಟ್ಟಿಗಳಲ್ಲಿ ಬನಾನಾ ಪ್ಯಾನ್‌ಕೇಕ್, ಹಮ್ಮುಸ್, ಫಲಾಫೆಲ್, ಪಾಸ್ತಾಗಳ ನಡುವೆಯೇ ಒಂದು ಮಾತು ಅವರನ್ನು ಕೈಬೀಸಿ ಕರೆಯುತ್ತದೆ: 'ಮನೆ ಊಟ'. ಕಾವ್ಯವೊಂದರ ಸಾಲನ್ನು ಪರಿಶೀಲಿಸುವಂತೆ ಈ ಎರಡು ಪದಗಳನ್ನು ಪರಿಶೀಲಿಸಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಮನೆ ಊಟವೆಂದರೇನು? ಅದನ್ನು ಮನೆಯ ಹೊರಗೆ ಕೊಡಲು ಸಾಧ್ಯವೇ?

ಸಾಮಾನ್ಯವಾಗಿ ಈ ಪ್ರಶ್ನೆಗೆ ಎರಡು ಉತ್ತರಗಳು ಬರುತ್ತವೆ. ಪದಾರ್ಥಗಳು ಸರಳವಾಗಿದ್ದರೆ ಅದು ಮನೆ ಊಟ ಎಂಬುದು ಮೊದಲನೆಯದು. ಅಜ್ಜ-ಅಜ್ಜಿಯರ ಕಾಲದಿಂದ ಬಂದದ್ದಾದರೆ, ಅಂದರೆ ಅಪ್ಪಟ ಸಾಂಪ್ರದಾಯಿಕವಾಗಿದ್ದರೆ ಅದು ಮನೆ ಊಟ ಎಂಬುದು ಎರಡನೆಯದು. ಅಡುಗೆ ಪುಸ್ತಕಗಳೂ ದೂರದರ್ಶನದ ಕಾರ್ಯಕ್ರಮಗಳೂ ಈ ಎರಡರಲ್ಲೇ ಸುತ್ತುತ್ತವೆ. ಹಂಪಿಯ ನೆಲದಲ್ಲಿ ನಿಂತು ನೋಡಿದರೆ ಎರಡೂ ಉತ್ತರಗಳು ಸಾಲುವುದಿಲ್ಲ.

ಮೊದಲು ಪದಾರ್ಥಗಳನ್ನು ನೋಡೋಣ. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದಿದ್ದನು. ನಗರದ ಬೇರೆ ಬೇರೆ ಭಾಗಗಳಲ್ಲಿ ದಿನದಿನವೂ ನಡೆಯುತ್ತಿದ್ದ ಸಂತೆಗಳನ್ನು ಕಂಡು ಅವನು ಬೆರಗಾದನು. ಅಕ್ಕಿ, ಜೋಳ, ಹೆಸರು, ಹುರುಳಿ ಮೊದಲಾದ ಧಾನ್ಯಗಳು ಹೇರಳವಾಗಿಯೂ ಅಗ್ಗವಾಗಿಯೂ ಸಿಗುತ್ತಿದ್ದವೆಂದು ಅವನು ಬರೆದಿದ್ದಾನೆ. ನಿಂಬೆ, ಕಿತ್ತಳೆ, ಬದನೆ, ತರಕಾರಿಗಳ ರಾಶಿಯನ್ನೂ ಮರೆತಿಲ್ಲ. ಅವನ ಬರಹ ಸಂತೆಯ ದೃಷ್ಟಿಯಿಂದ ಅಮೂಲ್ಯವಾದದ್ದು. ಆದರೆ ವಿಮರ್ಶಕನ ಕಣ್ಣಿಗೆ ಅದರಲ್ಲೊಂದು ದೊಡ್ಡ ಕೊರತೆ ಕಾಣುತ್ತದೆ. ಆ ಜೋಳ, ಆ ಬದನೆ ಯಾರ ಬುಟ್ಟಿಯಲ್ಲಿ ಯಾರ ಮನೆಗೆ ಹೋದವು? ಸಂಜೆ ಅವನ್ನು ಬೇಯಿಸಿದ ಹೆಂಗಸು ಯಾರು? ಈ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಬೀದಿಯನ್ನು ಕಂಡವನಿಗೆ ಹಿತ್ತಲ ಬಾಗಿಲು ತೆರೆಯಲಿಲ್ಲ. ಪದಾರ್ಥಗಳ ಪಟ್ಟಿ ಎಷ್ಟೇ ದೀರ್ಘವಾಗಿದ್ದರೂ ಅದು ಸಂತೆಯ ಪಟ್ಟಿಯೇ. ಊಟವಾಗಲು ಅದಿನ್ನೂ ಹೊಸ್ತಿಲು ದಾಟಬೇಕು.

ಇನ್ನು 'ಅಪ್ಪಟ' ಎಂಬ ಮಾತು. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಮನೆಗಳಲ್ಲಿ ಇಂದು ಅತಿಥಿಗೆ ಬಡಿಸುವ ಊಟವನ್ನು ನೆನೆಯಿರಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಪುಂಡಿ ಪಲ್ಯ. ಇದಕ್ಕಿಂತ ಹಳೆಯ ಊಟ ಯಾವುದಿದೆ ಎಂದು ನಾವು ಕೇಳಬಹುದು. ಆದರೆ ಎಣ್ಣೆಗಾಯಿಗೆ ಖಾರ ಕೊಡುವ ಮೆಣಸಿನಕಾಯಿ, ಚಟ್ನಿಯ ಶೇಂಗಾ, ಎರಡೂ ಅಮೆರಿಕ ಖಂಡದಿಂದ ಕಡಲು ದಾಟಿ ಬಂದವು. ಮೆಣಸಿನಕಾಯಿಯನ್ನು ಭಾರತಕ್ಕೆ ತಂದವರು ಪಾಯೆಸ್‌ನ ನಾಡಿನವರೇ ಆದ ಪೋರ್ಚುಗೀಸರು. ಟೊಮೆಟೊ, ಆಲೂಗಡ್ಡೆಗಳದ್ದೂ ಅದೇ ಖಂಡದ ಮೂಲ. ಹಾಗಿದ್ದರೂ ಶೇಂಗಾ ಚಟ್ನಿಯನ್ನು ಪರದೇಶಿ ಎಂದು ಇಂದು ಯಾರಾದರೂ ಕರೆಯುತ್ತಾರೆಯೇ? ನಮ್ಮ ಅಡುಗೆಮನೆಗಳು ಹೊಸಬರನ್ನು ಒಳಗೆ ಕರೆದು, ಒರಳಿಗೆ ಹಾಕಿ, ನಮ್ಮವರನ್ನಾಗಿ ಮಾಡಿಕೊಂಡವು. ಆದ್ದರಿಂದ ಪ್ಯಾನ್‌ಕೇಕನ್ನು ಕಂಡು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ತುರ್ತ ಕಾಲುವೆ ಹಂಪಿಯ ಸುತ್ತಲಿನ ತೋಟಗಳಿಗೆ ಇಂದಿಗೂ ನೀರುಣಿಸುತ್ತಿದೆ. ಅಲ್ಲಿ ಬಾಳೆ ಸಮೃದ್ಧವಾಗಿ ಬೆಳೆಯುತ್ತದೆ. ಮಾಗಿದ ಬಾಳೆಹಣ್ಣು, ಬೆಲ್ಲ, ಗೋಧಿ ಹಿಟ್ಟು ಕಲಸಿ ಕಾವಲಿಯ ಮೇಲೆ ಹುಯ್ಯುವ ಸಿಹಿ ದೋಸೆ ನಮಗೆ ಹೊಸದಲ್ಲ. ದೂರದ ಹುಡುಗನೊಬ್ಬನಿಗೆ ಅದರಲ್ಲೇ ತನ್ನ ತಾಯಿಯ ಪ್ಯಾನ್‌ಕೇಕ್ ನೆನಪಾದರೆ ತಪ್ಪೇನು?

ಹಾಗಾದರೆ ಬರೆದಿಟ್ಟ ಪಾಕವಿಧಾನಗಳು ಮನೆ ಊಟದ ಗುಟ್ಟನ್ನು ಹೇಳುತ್ತವೆಯೇ? ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ರಚಿಸಿದನು. ಜೈನ ಕವಿಯಾದ ಅವನು ಸಸ್ಯಾಹಾರದ ಅಡುಗೆಯನ್ನೇ ಷಟ್ಪದಿಯಲ್ಲಿ ಹಾಡಿದನು. ಹಿಟ್ಟಿನ ಭಕ್ಷ್ಯಗಳಿಗೆ 'ಪಿಷ್ಟಪಾಕ'ವೆಂಬ ಅಧ್ಯಾಯವನ್ನೇ ಮೀಸಲಿಟ್ಟನು. ಕನ್ನಡದ ಹಳೆಯ ಪಾಕಸಾಹಿತ್ಯದಲ್ಲಿ ಬಗೆಬಗೆಯ ರೊಟ್ಟಿಗಳಿವೆ. ಅವುಗಳಲ್ಲಿ ಮುಚ್ಚಳ ರೊಟ್ಟಿಯೂ ಒಂದು: ಹಿಟ್ಟಿನ ಮೇಲೆ ಮುಚ್ಚಳವಿಟ್ಟು, ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸುವುದು. ನಮ್ಮ ಕ್ರೈಸ್ತ ಮನೆಗಳ ಹಿರಿಯರು ಕ್ರಿಸ್ಮಸ್ ಹೊತ್ತಿಗೆ ಪಾತ್ರೆಯ ಮುಚ್ಚಳದ ಮೇಲೆ ಕೆಂಡವಿಟ್ಟು ಕೇಕ್ ಬೇಯಿಸುತ್ತಿದ್ದುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾದೀತು. ವಿದ್ಯುತ್ತಿನ ಓವನ್ ಮಾಡುವುದೂ ಇದೇ ಕೆಲಸವನ್ನು. ಬೇಕಿಂಗ್ ಎಂಬುದು ಪರದೇಶದ ವಿದ್ಯೆ ಎನ್ನುವವರು ಇದನ್ನು ಗಮನಿಸಬೇಕು.

ಆದರೂ ಅಂಥ ಕೃತಿಗಳು ಉಳ್ಳವರ ಪಾಕಶಾಲೆಯ ಕಡೆಗೇ ಮುಖ ಮಾಡಿವೆ. ತುಪ್ಪ, ಸಕ್ಕರೆ, ಹಾಲು, ಸುಗಂಧ ದ್ರವ್ಯಗಳ ವೈಭವ ಅಲ್ಲಿದೆ. ಹೊಲದಿಂದ ಬಂದವನಿಗೆ ಬೇಕಾದ ರೊಟ್ಟಿಯ ವಿದ್ಯೆ ಪುಸ್ತಕದ ಮೂಲಕ ಉಳಿದು ಬಂದದ್ದಲ್ಲ. ಕೈಯಿಂದ ಕೈಗೆ ದಾಟಿ ಬಂದದ್ದು. ಗೋಧಿಯಲ್ಲಿರುವ ಅಂಟು ಜೋಳದ ಹಿಟ್ಟಿನಲ್ಲಿಲ್ಲ. ಆದ್ದರಿಂದ ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು, ಬಿಸಿ ಆರುವ ಮುನ್ನ ಅಂಗೈಯಿಂದ ಮಿದಿಯಬೇಕು. ಲಟ್ಟಣಿಗೆಯ ಒತ್ತಡಕ್ಕೆ ಅದು ಸುಲಭವಾಗಿ ಬಿರಿಯುತ್ತದೆ, ಅಂಗೈಯಿಂದಲೇ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ತಿರುವಿ, ಕೆಂಡಕ್ಕೆ ಒಡ್ಡಿದಾಗ ಅದು ಉಬ್ಬುತ್ತದೆ. ಪದಾರ್ಥಗಳು ಮೂರು: ಹಿಟ್ಟು, ನೀರು, ಬೆಂಕಿ. ಇದಕ್ಕಿಂತ ಸರಳ ಇನ್ನೇನಿದೆ? ಆದರೆ ಸರಳವಾದದ್ದು ಸುಲಭವಲ್ಲವೆಂಬುದನ್ನು ಮೊದಲ ರೊಟ್ಟಿ ಬಡಿದ ಪ್ರತಿಯೊಬ್ಬ ಸೊಸೆಯೂ ಬಲ್ಲಳು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಹಿಟ್ಟಿನಿಂದ ಆ ತಾಯಿ ಎಷ್ಟು ಬಗೆಯಲ್ಲಿ ಉಣಿಸುತ್ತಾಳೆ, ನೋಡಿ. ಹೊಲಕ್ಕೆ ಹೋಗುವವನಿಗೆ ದಿನಗಟ್ಟಲೆ ಕೆಡದ ಕಡಕ್ ರೊಟ್ಟಿ. ಹಲ್ಲಿಲ್ಲದ ಅಜ್ಜನಿಗೆ ಹಾಲಿನಲ್ಲಿ ನೆನೆಸಿದ ಮೆತ್ತನೆಯ ತುಂಡುಗಳು. ಶಾಲೆಯಿಂದ ಬಂದ ಮಗುವಿಗೆ ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ತುಪ್ಪದೊಡನೆ ಹಿಚುಕಿದ ಮುಟಗಿ. ಜ್ವರ ಬಂದವನಿಗೆ ಅದೂ ಬೇಡ, ಗಂಜಿ. ಯಾರೂ ಆಕೆಗೆ ಪಟ್ಟಿ ಕೊಟ್ಟಿಲ್ಲ. ಉಣ್ಣುವವರ ಹಲ್ಲು, ಹೊಟ್ಟೆ, ದಣಿವು, ಮುನಿಸು ಎಲ್ಲವೂ ಆಕೆಗೆ ಗೊತ್ತು. ಮನೆ ಊಟದ ಸಮಾಧಾನ ಹುಟ್ಟುವುದು ಇಲ್ಲಿಯೇ. ನಮ್ಮನ್ನು ಬಲ್ಲವರು ನಮಗಾಗಿ ಬೇಯಿಸಿದ್ದೇ ಮನೆ ಊಟ. ಊಟದ ಪಟ್ಟಿಯಲ್ಲಿ ಅಚ್ಚು ಹಾಕಲಾಗದ ಒಂದೇ ಪದಾರ್ಥ ಈ ಬಲ್ಲವಿಕೆ.

ಈ ಅಳತೆಗೋಲನ್ನು ಹಿಡಿದು ಹಂಪಿ ಬಜಾರಿಗೆ ಮರಳಿದಾಗ ಮನಸ್ಸು ಭಾರವಾಗುತ್ತದೆ. ಆ ಬೀದಿಯ ಕಲ್ಲಿನ ಮಂಟಪಗಳಲ್ಲಿ ಹಲವು ಕುಟುಂಬಗಳು ಬಹುಕಾಲದಿಂದ ಬಾಳಿದ್ದವು. ಮುಂದೆ ಅಂಗಡಿ, ಹಿಂದೆ ಒಲೆ. 2011ರ ಜುಲೈ 29ರಂದು ಆ ಅಂಗಡಿಗಳನ್ನೂ ಮನೆಗಳನ್ನೂ ಕೆಡವಿ ತೆರವುಗೊಳಿಸಲಾಯಿತು. ನೂರಾರು ಕುಟುಂಬಗಳು ನೆಲೆ ಕಳೆದುಕೊಂಡವು; ಕೆಲವು ಕಿಲೋಮೀಟರ್ ದೂರದ ಕಡ್ಡಿರಾಂಪುರದ ಬಳಿ ಪುನರ್ವಸತಿಗೆ ಜಾಗ ಗುರುತಿಸಲಾಯಿತು. ತೆರವುಗೊಳಿಸಿದವರ ವಾದವನ್ನು ನಾವು ತಳ್ಳಿಹಾಕಲಾಗದು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ಸಿಮೆಂಟ್ ಮೆತ್ತಿ, ಫಲಕಗಳನ್ನು ಜಡಿದುದರಿಂದ ಸ್ಮಾರಕಗಳಿಗೆ ಹಾನಿಯಾದುದು ನಿಜ. ಕಲ್ಲನ್ನು ಕಾಪಾಡಬೇಕಾಗಿತ್ತು. ಆದರೆ ಕಾಪಾಡಿದ್ದು ಯಾವುದನ್ನು? ಬಜಾರ್ ಎಂದರೆ ಜನರಿರುವ ಬೀದಿ. ಪಾಯೆಸ್ ಬೆರಗಾದದ್ದು ಬರಿಯ ಕಂಬಗಳನ್ನು ಕಂಡಲ್ಲ. ಕೊಳ್ಳುವ, ಮಾರುವ, ಉಣ್ಣುವ ಜನರನ್ನು ಕಂಡು. ಅವನ ಬರಹದಲ್ಲಿ ಕಾಣದ ಒಲೆ ನಮ್ಮ ಕಾಲದ ಸಂರಕ್ಷಣೆಯ ಲೆಕ್ಕದಲ್ಲೂ ಕಾಣಲಿಲ್ಲ ಎಂಬುದೇ ವಿಷಾದದ ಸಂಗತಿ.

ಹಾಗೆಂದು ಓಣಿಯ ಆ ಫಲಕವನ್ನು ಸುಳ್ಳೆಂದು ತೀರ್ಪು ಕೊಡುವುದು ಅವಸರವಾದೀತು. ನೆಲೆ ತಪ್ಪಿದ ಮನೆಯೊಂದು ಬದುಕಲು ಮತ್ತೆ ಒಲೆ ಹಚ್ಚಿ, ಅಪರಿಚಿತನಿಗೆ ತಟ್ಟೆ ಇಡುತ್ತಿರಬಹುದು. ಆತ ಮೂರು ದಿನ ಅಲ್ಲಿಯೇ ಉಂಡರೆ, ನಾಲ್ಕನೆಯ ದಿನ ಕೇಳದೆಯೇ ಅವನಿಗೆ ಖಾರ ಕಡಿಮೆ ಮಾಡಿ ಬಡಿಸಿದರೆ, ಆಗ ಆ ಫಲಕದ ಮಾತು ನಿಜವಾಯಿತೆಂದೇ ಹೇಳಬೇಕು. ಮೂರು ತಲೆಮಾರಿನ ಪಾಕವಿಧಾನವಿದ್ದೂ ಉಣ್ಣುವವನ ಮುಖ ನೋಡದ ಅಡುಗೆಮನೆಯಲ್ಲಿ ಅದು ಬರಿಯ ಜಾಹೀರಾತು.

ಓದುಗರೇ, ಈ ವಿಮರ್ಶೆ ಹಂಪಿಗೆ ಮಾತ್ರ ಅನ್ವಯಿಸುವುದಿಲ್ಲ. ನಮ್ಮ ಮನೆಗಳಿಂದ ಒಲೆಯನ್ನು ಯಾವ ಅಧಿಕಾರಿಯೂ ಬಂದು ಕಿತ್ತಿಲ್ಲ. ಆದರೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ, ಒಂದೊಂದು ಪರದೆಯ ಮುಂದೆ ಉಣ್ಣುವ ಮನೆಗಳು ಕಡಿಮೆಯೇ? ದಣಿದು ಬಂದ ತಾಯಿಯೊಬ್ಬಳೇ ಈ ಬಲ್ಲವಿಕೆಯ ಭಾರವನ್ನೆಲ್ಲ ಹೊರಬೇಕೆಂದು ನಾವು ನಿರೀಕ್ಷಿಸುವುದೂ ನ್ಯಾಯವಲ್ಲ. ಗಂಡಸರೂ ಮಕ್ಕಳೂ ಒಲೆಯ ಬಳಿ ನಿಲ್ಲಲಿ. ಅಕ್ಕಿ ತೊಳೆಯಲಿ, ಹಿಟ್ಟು ನಾದಲಿ, ಮೊದಲ ರೊಟ್ಟಿ ಹರಿದುಹೋಗಲಿ. ಅಮ್ಮನಿಗೆ ಯಾವುದು ಇಷ್ಟವೆಂದು ಅವರಲ್ಲೊಬ್ಬರಿಗಾದರೂ ಗೊತ್ತಿದೆಯೇ ಎಂದು ಈ ಸಂಜೆ ಕೇಳಿ ನೋಡಿ. ಗೊತ್ತಿಲ್ಲವಾದರೆ, ಅದನ್ನು ತಿಳಿದುಕೊಂಡು ಒಂದು ದಿನ ಆಕೆಯನ್ನು ಕೂರಿಸಿ ಬಡಿಸಿರಿ.