ಹಳೇ ಪೀಪಾಯಿಗೆ ಹೊಸ ಕೆಲಸ

ಕಲ್ಲು ಉರುಳಿಸಿ ನಯಗೊಳಿಸುವ ನಮ್ಮ ಹಳೇ ಟಂಬ್ಲರ್ ಕಡೆಗೂ ನಿಂತಿತು. ಹಗಲೂ ರಾತ್ರಿ, ವಾರಗಟ್ಟಲೆ ತಿರುಗಿದ ಜೀವ. ಬುಷ್ ಸವೆದು, ಮೋಟಾರು ಸುಟ್ಟಿತ್ತು. ಹೊಸದು ಬಂದ ಮೇಲೂ ಹಳೆಯದನ್ನು ಇಡಿಯಾಗಿ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಪುಲ್ಲಿ, ಬೆಲ್ಟು, ಸ್ಕ್ರೂಗಳು ಡಬ್ಬಿ ಸೇರಿದವು.

ನಿಜವಾದ ಲಾಭವೆಂದರೆ ರಬ್ಬರ್ ಪೀಪಾಯಿ. ಅದೃಷ್ಟಕ್ಕೆ ಹೊಸ ರೋಲರ್‌ಗಳ ಮೇಲೂ ಸರಿಯಾಗಿ ಕೂತಿತು. 60 ಗ್ರಿಟ್‌ನ ಒರಟು ಸಿಲಿಕಾನ್ ಕಾರ್ಬೈಡ್ ಪುಡಿಗೆ ಈಗ ಅದೇ. ಹೊಸ ಪೀಪಾಯಿ ಪಾಲಿಷಿಗೆ ಮಾತ್ರ. ಒರಟು ಪುಡಿಯ ಒಂದೇ ಕಾಳು ಉಳಿದಿದ್ದರೂ ತಿಂಗಳ ಶ್ರಮಕ್ಕೆ ಗೀರು ಬೀಳುತ್ತದೆ. ಈ ಬೇರ್ಪಡಿಕೆ ನಾನು ಮೊದಲೇ ಮಾಡಬೇಕಿತ್ತು!

ಗುಜರಾತಿನ ಖಂಭಾತ್‌ನಲ್ಲಿ ಹಿಂದೆ ಅಕೀಕಿನ ಮಣಿಗಳನ್ನು ಚರ್ಮದ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಉರುಳಿಸುತ್ತಿದ್ದರು. ನಮ್ಮ ಪೀಪಾಯಿ ಮಾಡುವುದೂ ಅದನ್ನೇ, ಮೈಕೈ ನೋವಿಲ್ಲದೆ.

ಒಂದು ಮಾತು: ಪೀಪಾಯಿ ತೊಳೆದ ರಾಡಿಯನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ.