ಏಳೆಂಟ್ಲ ಐವತ್ತಾರು, ಮೇಲೊಂದು

57 ನೋಡಲು ಅವಿಭಾಜ್ಯ ಸಂಖ್ಯೆಯ ಗತ್ತಿನಲ್ಲೇ ಇರುತ್ತದೆ. ಗಣಿತದ ಮೇಧಾವಿ ಅಲೆಕ್ಸಾಂಡರ್ ಗ್ರೋಥೆಂಡೀಕ್ ಕೂಡ, ಉದಾಹರಣೆಗೊಂದು ಅವಿಭಾಜ್ಯ ಹೇಳಿ ಎಂದಾಗ ಸಲೀಸಾಗಿ 57 ಅಂದುಬಿಟ್ಟರಂತೆ. ಮಗ್ಗಿ ಉರು ಹೊಡೆದ ನಮ್ಮ ಹುಡುಗರಾದರೆ ಮೋಸಹೋಗುತ್ತಿರಲಿಲ್ಲ: ಹತ್ತೊಂಬತ್ತು ಮೂರ್ಲ ಐವತ್ತೇಳು.

ಆದರೆ ಇದರ ಸೊಗಸು ಮೂರರಲ್ಲೂ ಇಲ್ಲ, ಹತ್ತೊಂಬತ್ತರಲ್ಲೂ ಇಲ್ಲ. ಅದನ್ನು ಕಣ್ಣಾರೆ ಕಾಣಲು ಸೂರತ್‌ ಕಡೆ ನೋಡಬೇಕು. ಪ್ರಪಂಚದ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸಾಣೆ ಹಿಡಿಯುವುದು ಅಲ್ಲೇ ಎನ್ನುತ್ತಾರೆ. ವರಾಛಾದ ಕಾರ್ಖಾನೆಗಳಲ್ಲಿ ‘ಘಂಟಿ’ಯ ಸುತ್ತ ಕುಳಿತ ರತ್ನಕಲಾಕಾರರು, ವಜ್ರದ ಪುಡಿ ಸವರಿದ ಗಿರ್ರನೆ ತಿರುಗುವ ಬಿಲ್ಲೆಗೆ ಕಲ್ಲನ್ನು ಒತ್ತಿ ಒಂದೊಂದೇ ಮುಖ ತೀಡುತ್ತಾರೆ. ದುಂಡು ಬ್ರಿಲಿಯಂಟ್ ವಜ್ರಕ್ಕೆ ಅಂಥ 57 ಮುಖಗಳು.

ನೆತ್ತಿಯ ಮೇಲೆ ಎಂಟು ಮೂಲೆಯ ಒಂದು ಬಯಲು, ಅದು ಟೇಬಲ್. ಅದರ ಅಂಚಿಗೆ ಎಂಟು ಪುಟ್ಟ ತ್ರಿಕೋನ. ಅವುಗಳ ನಡುನಡುವೆ ಎಂಟು ಪತಂಗ. ಉತ್ತರಾಯಣದ ದಿನ ಇದೇ ಊರಿನ ಮಾಳಿಗೆಗಳಿಂದ ಏರುವ ಗಾಳಿಪಟದ್ದೇ ಆಕಾರ. ಸೊಂಟದ ಮೇಲ್ಗಡೆ 16, ಕೆಳಗಡೆ 16, ತಳದ ಮೊನೆಗೆ ಇಳಿಯುವ ದೊಡ್ಡ ಮುಖ 8. ಈಗ ಟೇಬಲ್ ಬಿಟ್ಟು ಕಲ್ಲನ್ನು ಎಂಟು ಹೋಳಾಗಿ ಎಣಿಸಿ. ಪ್ರತಿ ಹೋಳಿಗೆ 1, 1, 2, 2, 1: ಒಟ್ಟು ಏಳು. ಏಳೆಂಟ್ಲ ಐವತ್ತಾರು, ಮೇಲೊಂದು ಟೇಬಲ್.

ಇದೇ ಲೆಕ್ಕ ಸಾಣೆಯ ಗಂಧವೇ ಇಲ್ಲದ ಇನ್ನೊಂದು ಲೋಕದಲ್ಲೂ ಇದೆ. ಸಮಾಂತರ ರೇಖೆಗಳೇ ಇಲ್ಲದ ಒಂದು ಸಮತಲ; ಯಾವ ಎರಡು ರೇಖೆ ತೆಗೆದುಕೊಂಡರೂ ಒಂದೇ ಒಂದು ಬಿಂದುವಿನಲ್ಲಿ ಕೂಡುತ್ತವೆ. ಪ್ರತಿ ರೇಖೆಯ ಮೇಲೆ ಎಂಟು ಬಿಂದು, ಪ್ರತಿ ಬಿಂದುವಿನ ಮೂಲಕ ಎಂಟು ರೇಖೆ. ಒಂದು ಬಿಂದು ಹಿಡಿಯಿರಿ: ಅಲ್ಲಿಂದ ಎಂಟು ರೇಖೆ, ಒಂದೊಂದರಲ್ಲಿ ಉಳಿದ ಏಳು ಬಿಂದು. ಮತ್ತೆ 57! ರೇಖೆಗಳೂ ಅಷ್ಟೇ, 57. ಡಾಬಲ್ ಎಂಬ ಕಾರ್ಡಾಟ ನಿಂತಿರುವುದು ಇದರ ಮೇಲೆಯೇ: ಕಾರ್ಡಿಗೆ ಎಂಟು ಚಿತ್ರ, ಯಾವ ಎರಡು ಕಾರ್ಡಿಗೂ ಸಮಾನವಾದದ್ದು ಒಂದೇ ಚಿತ್ರ. 57 ಕಾರ್ಡು ಮಾಡಬಹುದು. ಪೆಟ್ಟಿಗೆಯಲ್ಲಿ ಕೊಡುವುದು ಯಾಕೋ 55. ಏಳರ ಜಾಗದಲ್ಲಿ ಆರು, ಎಂಟರ ಜಾಗದಲ್ಲಿ ಏಳು ಇಟ್ಟು 43 ಬಿಂದುಗಳ ಸಮತಲ ಕಟ್ಟಲು ಹೋದರೆ ಅದು ಆಗುವುದೇ ಇಲ್ಲ, ಸಾಧ್ಯವಿಲ್ಲವೆಂದು ಸಾಧಿಸಿಯಾಗಿದೆ.

ಎರಡಕ್ಕೂ ನಂಟಿದೆಯೆಂದು ನಾನು ಹೇಳಲಾರೆ. ಕುಶಲಕರ್ಮಿಯ ಎಂಟು ಹುಟ್ಟಿದ್ದು ನಾಲ್ಕನ್ನು ಇಮ್ಮಡಿಸಿ; ಗಣಿತಜ್ಞನ ಎಂಟು ಏಳಕ್ಕೆ ಒಂದು ಕೂಡಿಸಿ. ವಜ್ರದಲ್ಲಿ ಟೇಬಲ್‌ನದೇ ಯಜಮಾನಿಕೆ, ಮಿಕ್ಕವು ಅದರ ಪರಿವಾರ. ಸಮತಲದಲ್ಲಿ ಯಾವ ಬಿಂದುವನ್ನು ಬೇಕಾದರೂ ಆ ಗದ್ದುಗೆಯಲ್ಲಿ ಕೂರಿಸಿ, ಲೆಕ್ಕ ಕದಲುವುದಿಲ್ಲ. ನನಗಂತೂ ಈ ಎರಡನೆಯದೇ ಹೆಚ್ಚು ಹೊಳೆಯುವ ವಜ್ರ. ಖರ್ಚೂ ಇಲ್ಲ.

ಆಭರಣದಂಗಡಿಗೆ ಹೋದಾಗ ಮಸೂರ ಕೇಳಿ ಪಡೆದು ಒಂದು ಹೋಳನ್ನಾದರೂ ಎಣಿಸಿ ನೋಡಿ. 58 ಎಂದು ಅಂಗಡಿಯವರು ಹೇಳಿದರೆ ಜಗಳಕ್ಕೆ ಹೋಗಬೇಡಿ: ತಳದ ಮೊನೆಯನ್ನು ಚೂರು ಚಪ್ಪಟೆ ಮಾಡಿದ್ದರೆ ಅದನ್ನೂ ಒಂದು ಮುಖವೆಂದೇ ಲೆಕ್ಕ ಹಿಡಿಯುತ್ತಾರೆ.