ಮೋಜಲ್ಲ, ಪಾಠ

ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಸತ್ತದ್ದು 1888ರಲ್ಲಿ, ಬೀದಿಯಲ್ಲಿ ಸಾಯಲಿಲ್ಲ. ಸಾಲ್ವಡಾರ್ ನಗರದ ಕಾರ್ನಿವಾಲ್ ಹಬ್ಬದಲ್ಲಿ ಸಿರಿವಂತ ಬಿಳಿಯರ ತಂಡಗಳಿಗೆ ಕರಿಯರು ಬೇಕಾದದ್ದು ಹೊರೆ ಹೊರಲಿಕ್ಕೆ, ಜೊತೆಗೆ ಕುಣಿಯಲಿಕ್ಕಲ್ಲ. 1974ರಲ್ಲಿ ಕುರುಜು ಕೇರಿಯ ಯುವಕರು ಕರಿಯರದೇ ತಂಡ ‘ಇಲೆ ಐಯೆ’ ಕಟ್ಟಿದರು. ಮರುವರ್ಷ ಬೀದಿಗಿಳಿದಾಗ ಪತ್ರಿಕೆಯೊಂದು ಜನಾಂಗದ್ವೇಷ ಅಂತ ಬೈಯಿತು. ಹೊರಗಿಟ್ಟವರದು ಸಂಪ್ರದಾಯ, ಹೊರಗಿದ್ದವರು ಒಂದಾದರೆ ದ್ವೇಷ!

ಇದನ್ನ ಬರೀ ಮೋಜು ಅನ್ನೋ ಪಂಡಿತರು ಹಾಡು ಕೇಳಿಲ್ಲ. ವರ್ಷಕ್ಕೊಂದು ವಸ್ತು: ಆಫ್ರಿಕಾದ ಒಂದು ನಾಡು, ಇಲ್ಲವೇ ಕರಿಯರ ಒಂದು ಬಂಡಾಯ. ಪಠ್ಯ ಮುಚ್ಚಿಟ್ಟ ಚರಿತ್ರೆಯನ್ನ ಡೋಲು ಬಿಚ್ಚಿ ಹೇಳುತ್ತೆ. ಮೆರವಣಿಗೆ ಹೊರಡೋದು ಆಫ್ರಿಕಾ ಮೂಲದ ದೈವಗಳ ಪೂಜಾರಿಣಿ ಇಲ್ಡಾ ತಾಯಿಯ ಗುಡಿಯಿಂದ. 1988ರಲ್ಲಿ ಅದೇ ಗುಡಿಯೊಳಗೆ ಮಕ್ಕಳ ಶಾಲೆಯೂ ಶುರುವಾಯಿತು. ಗೆಳೆಯರೇ, ವಿಮರ್ಶೆ ಅಳೆಯಬೇಕಾದ್ದು ಇದನ್ನ.